ರೀಲ್‌ನ ಹಾಡು ಮ್ಯೂಟ್ ಆಯ್ತಾ? ಲೇಬಲ್ ಮತ್ತು ಆಪ್‌ಗಳ ಜಗಳದಲ್ಲಿ ನಿಮ್ಮ ವಿಡಿಯೋ ಉಳಿಸಿಕೊಳ್ಳೋದು ಹೀಗೆ

ನಿನ್ನೆ ರಾತ್ರಿವರೆಗೂ ಚೆನ್ನಾಗಿ ಓಡುತ್ತಿದ್ದ ರೀಲ್, ಬೆಳಿಗ್ಗೆ ಎದ್ದು ನೋಡಿದರೆ ಸದ್ದೇ ಇಲ್ಲ. 'ಈ ಆಡಿಯೋ ಲಭ್ಯವಿಲ್ಲ' ಅಂತ ಒಂದು ಸಾಲು ಮಾತ್ರ ಇದೆ. ಕಾಮೆಂಟ್‌ನಲ್ಲಿ ಜನ 'ಸೌಂಡ್ ಬರ್ತಿಲ್ಲ ಅಣ್ಣಾ' ಅಂತ ಶುರು ಮಾಡಿರುತ್ತಾರೆ. ಆಗ ಹೆಚ್ಚಿನವರು ಮಾಡೋದು ಒಂದೇ. ವಿಡಿಯೋ ಡಿಲೀಟ್ ಮಾಡಿ, ಹಾಡಿನ ಸ್ಪೀಡ್ ಸ್ವಲ್ಪ ಏರಿಸಿ, ಮತ್ತೆ ಹಾಕೋದು. ದಯವಿಟ್ಟು ಅದೊಂದು ಮಾಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇದನ್ನು ಬರೆದಿರೋದು ಬೆಂಗಳೂರಲ್ಲಿ ಕೂತು ವಿಡಿಯೋ ಮಾಡುವ ನಮ್ಮಂಥವರಿಗೆ. ಅಡುಗೆ ಚಾನೆಲ್‌ನವರು, ಸೀರೆ ಅಂಗಡಿ ಇಟ್ಟುಕೊಂಡು ಅರ್ಧ ವ್ಯಾಪಾರ ಇನ್‌ಸ್ಟಾಗ್ರಾಂನಲ್ಲೇ ಮಾಡುವವರು, ಭಾವಗೀತೆ ಹಾಡುವವರು, ಲೇಔಟ್ ಸಂಘದ ರಾಜ್ಯೋತ್ಸವವನ್ನು ಫೇಸ್‌ಬುಕ್‌ನಲ್ಲಿ ಲೈವ್ ಬಿಡುವವರು, ಎಲ್ಲರಿಗೂ. ನಾನು ವಕೀಲನಲ್ಲ. ಎಡಿಟಿಂಗ್ ನನ್ನ ಕೆಲಸ, ಕಾಪಿರೈಟ್ ಮೇಲ್ ಓದೋದು ಈಗ ಅದರಲ್ಲೇ ಸೇರಿಹೋಗಿದೆ.

ಹಾಡು ಯಾಕೆ ಮಾಯವಾಗುತ್ತದೆ

ಆಪ್‌ನಲ್ಲಿ ಮ್ಯೂಸಿಕ್ ಬಟನ್ ಒತ್ತಿದರೆ ಸಿಗುವ ಹಾಡು ಆಪ್‌ನದ್ದಲ್ಲ. ನಮ್ಮದಂತೂ ಅಲ್ಲವೇ ಅಲ್ಲ. ಅದು ಲೇಬಲ್‌ನದ್ದು, ಅಂದರೆ ಹಾಡಿನ ಹಕ್ಕು ಇಟ್ಟುಕೊಂಡಿರುವ ಮ್ಯೂಸಿಕ್ ಕಂಪನಿಯದ್ದು. ಆಪ್ ಬಾಡಿಗೆಗೆ ಮನೆ ಹಿಡಿದಿದೆ, ನಾವು ಅಲ್ಲಿ ಪೇಯಿಂಗ್ ಗೆಸ್ಟ್. ಅಗ್ರಿಮೆಂಟ್ ಮುಗಿದು ಓನರ್‌ಗೂ ಬಾಡಿಗೆದಾರನಿಗೂ ಜಗಳ ಹತ್ತಿಕೊಂಡರೆ ಗಂಟುಮೂಟೆ ಕಟ್ಟಬೇಕಾದವರು ನಾವೂ ಹೌದು. ನಮ್ಮನ್ನು ಯಾರೂ ಒಂದು ಮಾತು ಕೇಳೋದಿಲ್ಲ.

ದೊಡ್ಡ ಉದಾಹರಣೆ ಯೂನಿವರ್ಸಲ್ ಮ್ಯೂಸಿಕ್ ಮತ್ತು ಟಿಕ್‌ಟಾಕ್ ಜಗಳ. ಇಬ್ಬರ ಒಪ್ಪಂದ 2024ರ ಜನವರಿ 31ಕ್ಕೆ ಮುಗಿಯಿತು. ಟಿಕ್‌ಟಾಕ್ ಕೊಡುವ ದುಡ್ಡು ಕಡಿಮೆ, ಎಐ ಹಾಡುಗಳಿಗೆ ತಡೆ ಇಲ್ಲ ಅನ್ನೋದು ಯೂನಿವರ್ಸಲ್ ದೂರು. ನಮ್ಮ ಒಟ್ಟು ಆದಾಯದಲ್ಲಿ ನಿಮ್ಮಿಂದ ಬರೋದು ಸುಮಾರು 1 ಪರ್ಸೆಂಟ್ ಅಂತ ಬಹಿರಂಗ ಪತ್ರದಲ್ಲೇ ಬರೆದರು. ಟಿಕ್‌ಟಾಕ್ ತಿರುಗಿ 'ಇವರಿಗೆ ಕಲಾವಿದರಿಗಿಂತ ದುರಾಸೆಯೇ ಹೆಚ್ಚು' ಅಂದಿತು. ಫೆಬ್ರವರಿಯಲ್ಲಿ ಹಾಡುಗಳು ಹೋದವು. ಹೊಸ ವಿಡಿಯೋ ಅಷ್ಟೇ ಅಲ್ಲ, ಜನ ಹಿಂದೆ ಹಾಕಿದ್ದ ವಿಡಿಯೋಗಳೂ ಮ್ಯೂಟ್ ಆದವು. ಮೇ ಶುರುವಿನಲ್ಲಿ ರಾಜಿ ಆಯಿತು. ನಡುವೆ ಮೂರು ತಿಂಗಳು ಯಾರ್ಯಾರ ವಿಡಿಯೋ ಸತ್ತವೋ ಅದರ ಲೆಕ್ಕ ಇಟ್ಟವರಿಲ್ಲ.

ಅದರಲ್ಲಿ ಇನ್ನೊಂದು ವಿಷಯ ಇದೆ, ನಮಗೆ ಬೇಕಾದದ್ದು. ಫೆಬ್ರವರಿ ಕೊನೆಗೆ ಎರಡನೇ ಸುತ್ತಿನಲ್ಲಿ ಬೇರೆ ಕಂಪನಿಗಳ ಹಾಡುಗಳೂ ಹೋದವು. ಯಾಕಂದರೆ ಅವನ್ನು ಬರೆದವರ ಹಕ್ಕು ಯೂನಿವರ್ಸಲ್‌ನ ಪಬ್ಲಿಷಿಂಗ್ ಕಂಪನಿ ಬಳಿ ಇತ್ತು. ಒಂದು ಹಾಡಿನಲ್ಲಿ ಒಂದೇ ಹಕ್ಕಿಲ್ಲ. ಸ್ಟುಡಿಯೋದಲ್ಲಿ ಹಾಡಿ ಮುದ್ರಿಸಿದ ರೆಕಾರ್ಡಿಂಗ್ ಒಂದು. ಅದರೊಳಗಿನ ಸಾಹಿತ್ಯ ಮತ್ತು ರಾಗ ಸಂಯೋಜನೆ ಬೇರೆ. ಇದೊಂದು ತಲೆಯಲ್ಲಿ ಕೂತರೆ ಕಾಪಿರೈಟ್ ಮೇಲ್‌ಗಳು ಅರ್ಧ ಅರ್ಥ ಆದ ಹಾಗೆ.

ಟಿಕ್‌ಟಾಕ್ ನಮ್ಮಲ್ಲಿ 2020ರ ಜೂನ್‌ನಲ್ಲೇ ಬ್ಯಾನ್ ಆಯ್ತಲ್ಲ, ನಮಗೇನು ಅನ್ನಬಹುದು. ಅದರ ಜಾಗಕ್ಕೆ ಬಂದ ಮೋಜ್, ಜೋಶ್ ನಮ್ಮೂರಿನ ಕಂಪನಿಗಳವು. ಅವಕ್ಕೂ ಲೇಬಲ್ ಜೊತೆ ಒಪ್ಪಂದ ಇಲ್ಲದೆ ಗತಿ ಇರಲಿಲ್ಲ. 2019ರಲ್ಲಿ ಹಾಡು ಕೇಳುವ ಆಪ್ ಸ್ಪಾಟಿಫೈ ಭಾರತಕ್ಕೆ ಬಂದಾಗ ವಾರ್ನರ್ ಮ್ಯೂಸಿಕ್ ಜೊತೆಗಿನ ಜಗಳ ಬಾಂಬೆ ಹೈಕೋರ್ಟ್‌ವರೆಗೆ ಹೋಯಿತು. 2024ರ ಮಾರ್ಚ್‌ನಲ್ಲಿ ಝೀ ಮ್ಯೂಸಿಕ್ ಹಾಡುಗಳು ಸ್ಪಾಟಿಫೈನಿಂದ ಹೋದವು, ಜನ ಪ್ಲೇಲಿಸ್ಟ್ ತೆರೆದರೆ ಬೂದು ಬಣ್ಣದ ಸಾಲುಗಳು. 2023ರಲ್ಲಿ ಇಟಲಿಯಲ್ಲಿ ಅಲ್ಲಿನ ಸಂಗೀತಗಾರರ ಸಂಘ ಮತ್ತು ಇನ್‌ಸ್ಟಾಗ್ರಾಂ, ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಮಾತುಕತೆ ಮುರಿದುಬಿದ್ದು ಇನ್‌ಸ್ಟಾಗ್ರಾಂನಿಂದಲೇ ಇಟಾಲಿಯನ್ ಹಾಡುಗಳು ಎದ್ದುಹೋದವು. ಹಾಗಾಗಿ ಇದು ಎಲ್ಲೋ ಅಮೆರಿಕದ ಕಥೆ ಅಲ್ಲ.

ಜಗಳ ಯಾರದ್ದೇ ಇರಲಿ, ಆಪ್ ಯಾಕೆ ನಮ್ಮ ಪರ ನಿಲ್ಲೋದಿಲ್ಲ? ನಿಂತರೆ ಅದಕ್ಕೇ ತಲೆನೋವು. ಟಿ-ಸೀರೀಸ್‌ನ ಸೂಪರ್ ಕ್ಯಾಸೆಟ್ಸ್ ಕಂಪನಿ ಮೈಸ್ಪೇಸ್ ಅನ್ನೋ ವೆಬ್‌ಸೈಟ್ ಮೇಲೆ ಹಾಕಿದ್ದ ಕೇಸಿನಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿದ್ದು ಇದು: ಬಳಕೆದಾರರು ಹಾಕಿದ್ದಕ್ಕೆಲ್ಲ ವೇದಿಕೆ ಸುಮ್ನೆ ಹೊಣೆ ಆಗೋದಿಲ್ಲ, ಆದರೆ ಇಂಥದ್ದೇ ವಿಡಿಯೋ ಅಂತ ನಿರ್ದಿಷ್ಟವಾಗಿ ತಿಳಿಸಿದ ಮೇಲೆ ತೆಗೆಯಬೇಕು. ಅಲ್ಲಿಗೆ ಆಪ್‌ಗೆ ದಾರಿ ಸುಲಭ ಆಯಿತು. ದೂರು ಬಂತಾ, ತೆಗೆ. ಸರಿ ತಪ್ಪು ಅವರಿಬ್ಬರೂ ನೋಡಿಕೊಳ್ಳಲಿ.

ಮೊದಲು ಮೇಲ್ ಓದಿ, ಪೂರ್ತಿ

ಮ್ಯೂಟ್, ಕ್ಲೇಮ್, ಸ್ಟ್ರೈಕ್. ಈ ಮೂರೂ ಒಂದೇ ಅಂದುಕೊಂಡು ಗಾಬರಿ ಆಗುವವರೇ ಜಾಸ್ತಿ.

ಲೈಬ್ರರಿಯಿಂದ ತಗೊಂಡ ಹಾಡು ಆಪ್‌ನಿಂದಲೇ ಹೋಗಿದ್ದರೆ ಬರೀ ಮ್ಯೂಟ್. ನಿಮ್ಮ ತಪ್ಪಿಲ್ಲ, ಅಕೌಂಟಿಗೆ ಕೆಟ್ಟ ಹೆಸರೂ ಇಲ್ಲ. ಕೆಲವು ಸಲ ಒಂದೆರಡು ದೇಶಗಳಲ್ಲಿ ಮಾತ್ರ ಮ್ಯೂಟ್ ಆಗಿರುತ್ತದೆ. ನೋಟಿಫಿಕೇಷನ್ ತೆರೆದು ಯಾವ ದೇಶ ಅಂತ ನೋಡಿ. ನಿಮ್ಮ ನೋಡುಗರು ಇರೋದು ಕರ್ನಾಟಕದಲ್ಲಿ, ಮ್ಯೂಟ್ ಆಗಿರೋದು ಜರ್ಮನಿಯಲ್ಲಿ ಅಂದರೆ ಬಿಟ್ಟುಬಿಡಿ.

ಯೂಟ್ಯೂಬ್‌ನ ಕಂಟೆಂಟ್ ಐಡಿ ಕ್ಲೇಮ್ ಬೇರೆ. ಹಕ್ಕುದಾರರು ತಮ್ಮ ಹಾಡನ್ನು ಯೂಟ್ಯೂಬ್‌ಗೆ ಕೊಟ್ಟಿರುತ್ತಾರೆ, ಯಂತ್ರ ನಿಮ್ಮ ವಿಡಿಯೋದಲ್ಲಿ ಅದನ್ನು ಹುಡುಕುತ್ತದೆ. ಸಿಕ್ಕರೆ ಹಕ್ಕುದಾರರ ಇಷ್ಟದಂತೆ ಮೂರರಲ್ಲಿ ಒಂದು: ವಿಡಿಯೋ ಬ್ಲಾಕ್ ಮಾಡೋದು, ಜಾಹೀರಾತಿನ ದುಡ್ಡು ತಾವು ತಗೊಳ್ಳೋದು, ಇಲ್ಲ ಸುಮ್ನೆ ಲೆಕ್ಕ ಇಡೋದು. ಕ್ಲೇಮ್ ಬಂದರೆ ಚಾನೆಲ್ ಹೋಗೋದಿಲ್ಲ. ಎಷ್ಟೋ ಸಲ ದುಡ್ಡು ಅವರಿಗೆ ಹೋಗಲಿ ಅಂತ ಬಿಟ್ಟರೆ ಮುಗಿಯಿತು. ಒಂದು ಎಚ್ಚರ: ಒಂದು ನಿಮಿಷಕ್ಕಿಂತ ಉದ್ದದ ಶಾರ್ಟ್ಸ್‌ಗೆ ಕ್ಲೇಮ್ ಬಿದ್ದರೆ ಅದು ಎಲ್ಲ ಕಡೆ ಬ್ಲಾಕ್ ಆಗುತ್ತದೆ. ಸಿನಿಮಾ ಹಾಡು ಹಾಕುವ ಶಾರ್ಟ್ಸ್ ಅನ್ನು ನಿಮಿಷದೊಳಗೇ ಮುಗಿಸಿ.

ಸ್ಟ್ರೈಕ್ ಮಾತ್ರ ನಿಜವಾದ ಅಪಾಯ. ಹಕ್ಕುದಾರರು ಕಾನೂನು ಪ್ರಕಾರ 'ತೆಗೆಯಿರಿ' ಅಂತ ಬರೆದು ಕೊಟ್ಟಾಗ ಬರೋದು ಇದು. 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಯೂಟ್ಯೂಬ್‌ನ ಕಾಪಿರೈಟ್ ಪಾಠ ಮುಗಿಸಿದರೆ 90 ದಿನಕ್ಕೆ ಒಂದು ಸ್ಟ್ರೈಕ್ ಅಳಿಯುತ್ತದೆ. ವಿಡಿಯೋ ಡಿಲೀಟ್ ಮಾಡಿದರೆ ಸ್ಟ್ರೈಕ್ ಹೋಗುತ್ತದೆ ಅನ್ನೋದು ಸುಳ್ಳು.

ಈಗ ಸ್ಪೀಡ್ ಏರಿಸಿ ಮತ್ತೆ ಹಾಕುವ ವಿಷಯ. ಬರೀ ಕ್ಲೇಮ್ ಇದ್ದಾಗ ನಿಮ್ಮ ಹತ್ತಿರ ಉತ್ತರ ಇತ್ತು. ಯಂತ್ರದ ಕಣ್ಣು ತಪ್ಪಿಸಲು ಹಾಡನ್ನು ತಿರುಚಿದ್ದೀರಿ ಅಂತ ಆದ ಮೇಲೆ 'ಗೊತ್ತಿಲ್ಲದೆ ಆಯಿತು' ಅನ್ನೋ ಮಾತಿಗೆ ಬೆಲೆ ಇಲ್ಲ. ಜೊತೆಗೆ ಹಳೆ ವಿಡಿಯೋದ ವ್ಯೂಸ್, ಕಾಮೆಂಟ್ ಎಲ್ಲ ಹೋದವು.

ಅದರ ಬದಲು ಯೂಟ್ಯೂಬ್ ಸ್ಟುಡಿಯೋದಲ್ಲಿ ಆ ವಿಡಿಯೋ ತೆರೆದು ಕಾಪಿರೈಟ್ ವಿವರಕ್ಕೆ ಹೋಗಿ. ಆ ಭಾಗ ಕತ್ತರಿಸೋದು, ಹಾಡು ಬದಲಿಸೋದು, ಹಾಡು ಮಾತ್ರ ಮ್ಯೂಟ್ ಮಾಡೋದು, ಮೂರೂ ಅಲ್ಲೇ ಇವೆ. ಲಿಂಕ್ ಹಾಗೇ ಉಳಿಯುತ್ತದೆ. ಹಾಡು ಮಾತ್ರ ಅಳಿಸಿ ಮಾತು ಉಳಿಸುವ ಆಯ್ಕೆ ಯಾವಾಗಲೂ ಚೆನ್ನಾಗಿ ಕೆಲಸ ಮಾಡೋದಿಲ್ಲ. ಮಿಕ್ಸಿ ಸದ್ದು, ಮಾತು, ಹಾಡು ಎಲ್ಲ ಕಲಸಿಹೋದ ಅಡುಗೆ ವಿಡಿಯೋದಲ್ಲಂತೂ ಕೈಕೊಡುತ್ತದೆ. ಅದಕ್ಕೇ ಎಡಿಟ್ ಮಾಡುವಾಗ ಮಾತನ್ನೂ ಮ್ಯೂಸಿಕ್ಕನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಇಟ್ಟು, ಹಾಡಿಲ್ಲದ ಒಂದು ಕಾಪಿಯನ್ನು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ. ನಾಳೆ ಯಾವ ಲೇಬಲ್ ಯಾವ ಆಪ್ ಜೊತೆ ಮುನಿಸಿಕೊಂಡರೂ ಬೇರೆ ಹಾಡು ಕೂರಿಸಿ ಹಾಕಬಹುದು.

ಅಂಗಡಿ, ಬ್ರ್ಯಾಂಡ್, ಬೂಸ್ಟ್: ಇಲ್ಲಿ ಆಟವೇ ಬೇರೆ

ಜಯನಗರ ನಾಲ್ಕನೇ ಬ್ಲಾಕಿನ ಒಂದು ಸೀರೆ ಅಂಗಡಿ ಅಂದುಕೊಳ್ಳಿ. ಶ್ರಾವಣಕ್ಕೆ ಇಳಕಲ್ ಸೀರೆ ಬಂದಿದೆ. ಅಂಗಡಿಯ ಹುಡುಗಿ ಹೊಸ ಸಿನಿಮಾ ಹಾಡಿಗೆ ಸೆರಗು ಬಿಚ್ಚಿ ತೋರಿಸುತ್ತಾ ಒಂದು ರೀಲ್ ಮಾಡಿದಳು. ಚೆನ್ನಾಗಿ ಓಡಿತು. ಓನರ್ ಖುಷಿಯಾಗಿ ಎರಡು ಸಾವಿರ ಹಾಕಿ ಬೂಸ್ಟ್ ಮಾಡೋಣ, ಅಂದರೆ ದುಡ್ಡು ಕೊಟ್ಟು ಇನ್ನೂ ಹೆಚ್ಚು ಜನಕ್ಕೆ ತೋರಿಸೋಣ, ಅಂತ ಹೋದರೆ ಆಪ್ ಬಿಡೋದಿಲ್ಲ, 'ಈ ಹಾಡಿರುವ ರೀಲ್ ಬೂಸ್ಟ್ ಆಗೋದಿಲ್ಲ' ಅನ್ನುತ್ತದೆ. ಅದು ಸಾಫ್ಟ್‌ವೇರ್ ತೊಂದರೆ ಅಲ್ಲ. ಮೆಟಾ ಲೇಬಲ್‌ಗಳಿಂದ ಹಾಡು ತಗೊಂಡಿರೋದು ಜನರ ಖಾಸಗಿ ಖುಷಿಗೆ. ವ್ಯಾಪಾರಕ್ಕೆ ಬಳಸಬೇಕಾದರೆ ಲೈಸೆನ್ಸ್ ನೀವೇ ತರಬೇಕು ಅಂತ ಅವರ ನಿಯಮದಲ್ಲೇ ಇದೆ. ಬಿಸಿನೆಸ್ ಅಕೌಂಟ್‌ಗೆ ಹಾಡುಗಳ ಪಟ್ಟಿ ಚಿಕ್ಕದಾಗಿ ಕಾಣೋದು ಇದಕ್ಕೇ.

ಆಗ ಯಾರೋ ಒಬ್ಬರು ಐಡಿಯಾ ಕೊಡುತ್ತಾರೆ: 'ಅಕೌಂಟ್‌ನ ಕ್ರಿಯೇಟರ್ ಮಾಡಿಬಿಡಿ ಮೇಡಂ, ಎಲ್ಲ ಹಾಡೂ ಬರುತ್ತೆ.' ಬರುತ್ತದೆ ನಿಜ. ಆದರೆ ಸೀರೆ ಮಾರುತ್ತಿರೋದು ಬದಲಾಗಲಿಲ್ಲವಲ್ಲ? ಅಕೌಂಟಿನ ಹೆಸರು ಬದಲಾದರೆ ಬಳಕೆ ಖಾಸಗಿ ಆಗೋದಿಲ್ಲ. ಅಮೆರಿಕದಲ್ಲಿ ಬ್ಯಾಂಗ್ ಅನ್ನೋ ಎನರ್ಜಿ ಡ್ರಿಂಕ್ ಕಂಪನಿ ಟಿಕ್‌ಟಾಕ್ ಜಾಹೀರಾತು ವಿಡಿಯೋಗಳಿಗೆ ಹಾಡು ಬಳಸಿ, 2022ರಲ್ಲಿ ಯೂನಿವರ್ಸಲ್ ಮತ್ತು ಸೋನಿ ಎರಡರ ಎದುರೂ ಕೋರ್ಟಿನಲ್ಲಿ ಸೋತಿತು. 2024ರಲ್ಲಿ ಸೋನಿ ಮ್ಯಾರಿಯಟ್ ಹೋಟೆಲ್ ಮೇಲೆ ಹೋಯಿತು, ಹೋಟೆಲಿನ ಪೋಸ್ಟ್ ಜೊತೆಗೆ ಅವರು ಕರೆಸಿದ ಇನ್‌ಫ್ಲುಯೆನ್ಸರ್‌ಗಳ ಪೋಸ್ಟ್‌ಗಳನ್ನೂ ಲೆಕ್ಕ ಹಾಕಿ. ಆ ಕೇಸು ಮುಂದೆ ವಾಪಸ್ ಆಯಿತು. ಆದರೆ ಲೇಬಲ್‌ಗಳು ಈಗ ಆಪ್ ಬಿಟ್ಟು ನೇರವಾಗಿ ಬ್ರ್ಯಾಂಡ್ ಹಿಂದೆ ಬೀಳುತ್ತಿವೆ. ದುಡ್ಡು ಕೊಟ್ಟು ಇನ್‌ಫ್ಲುಯೆನ್ಸರ್ ಕೈಲಿ ರೀಲ್ ಮಾಡಿಸುವ ಅಂಗಡಿಯವರು, ಹಾಡು ಯಾವುದು ಅಂತ ಮೊದಲೇ ಕೇಳಿ.

ಸುಲಭ ದಾರಿ ಮೆಟಾ ಸೌಂಡ್ ಕಲೆಕ್ಷನ್, ಯೂಟ್ಯೂಬ್ ಆಡಿಯೋ ಲೈಬ್ರರಿ. ಎರಡೂ ಫ್ರೀ. ಎಲ್ಲ ಒಂದೇ ಥರ ಕೇಳಿಸುತ್ತವೆ ಅನ್ನೋದು ನಿಜ, ಇಳಕಲ್ ಸೀರೆಗೆ ಗಿಟಾರ್ ಮ್ಯೂಸಿಕ್ ಅಂಟೋದಿಲ್ಲ. ಮತ್ತೆ ಮೆಟಾದಲ್ಲಿ ಸಿಕ್ಕಿದ್ದನ್ನು ಯೂಟ್ಯೂಬ್‌ಗೆ ಒಯ್ಯುವ ಮುಂಚೆ ನಿಯಮ ಓದಿ. ಒಂದು ಕಡೆಯ ಪರವಾನಗಿ ಇನ್ನೊಂದು ಕಡೆ ನಡೆಯೋದಿಲ್ಲ.

ಸಿನಿಮಾ ಹಾಡೇ ಬೇಕು ಅಂದರೆ ಲೇಬಲ್‌ಗೆ ಬರೆಯಿರಿ. ಕನ್ನಡದವರಿಗೆ ಇರುವ ಒಂದು ಅನುಕೂಲ ಇದು: ಲಹರಿ, ಆನಂದ್ ಆಡಿಯೋ, ಎಂಆರ್‌ಟಿ, ಝೇಂಕಾರ್ ಎಲ್ಲ ಬೆಂಗಳೂರಿನವೇ. 'ನಮಸ್ಕಾರ ಸಾರ್, ನಿಮ್ಮ ಹಾಡು ಬಳಸಬಹುದಾ' ಅಂತ ಬರೆದರೆ ಉತ್ತರ ಬರೋದು ಕಷ್ಟ. ಹಾಡಿನ ಹೆಸರು, ಸಿನಿಮಾ, ಎಷ್ಟು ಸೆಕೆಂಡ್, ಯಾವ ಯಾವ ಆಪ್, ಎಷ್ಟು ತಿಂಗಳು, ಜಾಹೀರಾತಾಗಿ ದುಡ್ಡು ಹಾಕಿ ಓಡಿಸುತ್ತೀರಾ ಇಲ್ಲವಾ, ನಿಮ್ಮ ಪೇಜಿನ ಲಿಂಕ್, ಇಷ್ಟನ್ನೂ ಮೊದಲ ಮೇಲ್‌ನಲ್ಲೇ ಹಾಕಿ. ವಿಷಯದ ಸಾಲಿನಲ್ಲಿ 'ಸಿಂಕ್ ಲೈಸೆನ್ಸ್' (ವಿಡಿಯೋಗೆ ಹಾಡು ಕೂರಿಸುವ ಅನುಮತಿ) ಅಂತ ಬರೆದರೆ ಸರಿಯಾದ ಟೇಬಲ್‌ಗೆ ಹೋಗುತ್ತದೆ. ರೆಕಾರ್ಡಿಂಗ್ ಜೊತೆಗೆ ಸಾಹಿತ್ಯ, ಸಂಗೀತದ ಹಕ್ಕೂ ನಿಮ್ಮ ಬಳಿಯೇ ಇದೆಯಾ ಅಂತ ಕೇಳಲೇಬೇಕು. ನಮ್ಮ ಸಿನಿಮಾ ಹಾಡುಗಳಲ್ಲಿ ಎಷ್ಟೋ ಸಲ ಎರಡೂ ಲೇಬಲ್ ಕೈಲೇ ಇರುತ್ತವೆ, ಆದರೂ ಬರಹದಲ್ಲಿ ಬರಲಿ. ಫೋನಲ್ಲಿ 'ಹಾಕ್ಕೊಳ್ಳಿ ಪರವಾಗಿಲ್ಲ' ಅಂದಿದ್ದು ಮುಂದೆ ಕೈ ಹಿಡಿಯೋದಿಲ್ಲ.

ಜನ ಹೇಳುವ ಸುಳ್ಳುಗಳು

'30 ಸೆಕೆಂಡಿಗಿಂತ ಕಡಿಮೆ ಇದ್ದರೆ ಏನೂ ಆಗೋದಿಲ್ಲ.' ಅಂಥ ನಿಯಮ ಕಾಪಿರೈಟ್ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ನಮ್ಮೂರಿನದ್ದೇ ಉದಾಹರಣೆ ನೋಡಿ. 2022ರ ನವೆಂಬರ್‌ನಲ್ಲಿ ಕಾಂಗ್ರೆಸ್‌ನ ಭಾರತ್ ಜೋಡೋ ಯಾತ್ರೆಯ ವಿಡಿಯೋಗಳಿಗೆ ಕೆಜಿಎಫ್ ಚಾಪ್ಟರ್ 2ರ ಹಾಡು ಬಳಸಿದ್ದಾರೆ ಅಂತ ಎಂಆರ್‌ಟಿ ಮ್ಯೂಸಿಕ್ ದೂರು ಕೊಟ್ಟಿತು. ಎಫ್‌ಐಆರ್ ಆಯಿತು. ಬೆಂಗಳೂರಿನ ಕಮರ್ಷಿಯಲ್ ಕೋರ್ಟ್ ನವೆಂಬರ್ 7ರಂದು ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಅಕೌಂಟ್‌ಗಳನ್ನೇ ಬ್ಲಾಕ್ ಮಾಡಿ ಅಂದಿತು. ಮರುದಿನ ಹೈಕೋರ್ಟ್‌ನಲ್ಲಿ 45 ಸೆಕೆಂಡಿನ ತುಣುಕಿಗೆ ಇಡೀ ಅಕೌಂಟ್ ಮುಚ್ಚೋದಾ ಅನ್ನೋ ವಾದ ನಡೆದು ಆ ಆದೇಶ ರದ್ದಾಯಿತು. ಆದರೆ ಹಾಡಿದ್ದ ಪೋಸ್ಟ್‌ಗಳನ್ನು ತೆಗೆಯಬೇಕು ಅನ್ನೋ ಷರತ್ತಿನ ಮೇಲೆ. ರಾಜಕೀಯ ಪಕ್ಕಕ್ಕಿಡಿ. ದೊಡ್ಡ ವಕೀಲರ ಪಡೆ ಇರುವ ರಾಷ್ಟ್ರೀಯ ಪಕ್ಷಕ್ಕೇ ಒಂದು ಹಾಡು ಇಷ್ಟು ಓಡಾಡಿಸಿತು.

'ಕ್ರೆಡಿಟ್ ಕೊಟ್ಟಿದ್ದೀನಿ.' ಒಳ್ಳೆಯದು, ಅದು ಅನುಮತಿ ಅಲ್ಲ. 'ದುಡ್ಡು ಮಾಡ್ತಿಲ್ಲ.' ಕ್ಲೇಮ್ ಬರೋದಕ್ಕೆ ಅದು ಅಡ್ಡಿ ಅಲ್ಲ. 'ಬೇರೆಯವರೂ ಹಾಕಿದ್ದಾರೆ.' ಅವರಿಗೂ ಬರುತ್ತದೆ, ಇನ್ನೂ ಬಂದಿಲ್ಲ ಅಷ್ಟೇ.

'ಮದುವೆಗೆ ಲೈಸೆನ್ಸ್ ಬೇಕಾಗಿಲ್ಲ.' ಇದು ಅರ್ಧ ನಿಜ, ಅದಕ್ಕೇ ಜಾಸ್ತಿ ಅಪಾಯ. ಕಾಯ್ದೆಯ 52ನೇ ಸೆಕ್ಷನ್ ಧಾರ್ಮಿಕ ಸಮಾರಂಭ, ಮದುವೆ ಮೆರವಣಿಗೆ, ಮದುವೆಗೆ ಸೇರಿದ ಕಾರ್ಯಕ್ರಮಗಳಲ್ಲಿ ಹಾಡು ಹಾಕೋದಕ್ಕೆ ವಿನಾಯಿತಿ ಕೊಡುತ್ತದೆ. ಛತ್ರದಲ್ಲಿ ಹಾಡು ಹಾಕಿ, ಕುಣಿಯಿರಿ. ಅದೇ ಹಾಡು ಕೂರಿಸಿದ ಮದುವೆ ವಿಡಿಯೋವನ್ನು ಫೋಟೋಗ್ರಾಫರ್ ತನ್ನ ಪೇಜಿನಲ್ಲಿ ವ್ಯಾಪಾರಕ್ಕೆ ಹಾಕಿಕೊಂಡರೆ ಆ ವಿನಾಯಿತಿ ಅಲ್ಲಿಗೆ ಬರೋದಿಲ್ಲ.

ರಾಜ್ಯೋತ್ಸವದ ಆರ್ಕೆಸ್ಟ್ರಾ ಲೈವ್ ಕೂಡ ಹೀಗೇ. ವೇದಿಕೆಯಲ್ಲಿ ಹಾಡಿಸಲು ತಗೊಳ್ಳುವ ಲೈಸೆನ್ಸ್ ಲೈವ್ ಬಿಡೋದಕ್ಕೆ ಅಲ್ಲ. ಅದಕ್ಕಿಂತ ತಮಾಷೆ ಅಂದರೆ, ಆರ್ಕೆಸ್ಟ್ರಾದವರು ಹಾಡುವಾಗ ಸುಮ್ಮನಿದ್ದ ಲೈವ್, ಮಧ್ಯೆ ಊಟದ ಬಿಡುವಿನಲ್ಲಿ ಸೌಂಡ್ ಸಿಸ್ಟಂನವನು ಪೆನ್ ಡ್ರೈವ್ ಹಾಕಿದ ತಕ್ಷಣ ಕಟ್ ಆಗುತ್ತದೆ. ಒರಿಜಿನಲ್ ರೆಕಾರ್ಡಿಂಗ್ ಪೂರ್ತಿಯಾಗಿ ಹೋದರೆ ಯಂತ್ರ ಬೇಗ ಹಿಡಿಯುತ್ತದೆ. ಸೌಂಡ್‌ನವರಿಗೆ ಮೊದಲೇ ಹೇಳಿಡಿ, ಬಿಡುವಿನಲ್ಲಿ ಲೈವ್‌ನ ಆಡಿಯೋ ಇಳಿಸಿ.

ನಾವೇ ಹಾಡಿದ್ದಕ್ಕೂ ಕ್ಲೇಮ್ ಬಂದರೆ

ಇದು ಕೋಪ ಬರಿಸುವ ವಿಷಯ, ಸ್ವಲ್ಪ ನಿಧಾನವಾಗಿ ನೋಡೋಣ.

ಲೆಕ್ಕ ಹೀಗಿದೆ. ಸಾಹಿತ್ಯಕ್ಕೆ, ರಾಗ ಸಂಯೋಜನೆಗೆ ಕರ್ತೃ ಬದುಕಿರುವವರೆಗೆ, ತೀರಿಕೊಂಡ ಮೇಲೆ ಮತ್ತೆ 60 ವರ್ಷ ಹಕ್ಕು ಇರುತ್ತದೆ. ರೆಕಾರ್ಡಿಂಗ್‌ಗೆ ಬಿಡುಗಡೆ ಆದ ಮುಂದಿನ ವರ್ಷದಿಂದ 60 ವರ್ಷ. ಪುರಂದರದಾಸರು, ಶರಣರ ವಚನ, ತ್ಯಾಗರಾಜರು, ಇವರ ಸಾಹಿತ್ಯ ಯಾರದ್ದೂ ಅಲ್ಲ, ಎಲ್ಲರದ್ದು. ಶಿಶುನಾಳ ಶರೀಫರು ತೀರಿಕೊಂಡಿದ್ದು 1889ರಲ್ಲಿ, ಅವರ ಪದಗಳೂ ಹಾಗೇ. ಆದರೆ ಅದಕ್ಕೆ ಸಿ. ಅಶ್ವತ್ಥ್ ಹಾಕಿದ ರಾಗ ಬೇರೆ ಮಾತು, ಅವರು ಹೋಗಿದ್ದು 2009ರಲ್ಲಿ. ಕುವೆಂಪು ಅವರ ಕವಿತೆಗೆ 2054ರ ಕೊನೆವರೆಗೆ, ಬೇಂದ್ರೆಯವರದ್ದಕ್ಕೆ 2041ರ ಕೊನೆವರೆಗೆ ಹಕ್ಕಿದೆ. 'ನಾಡಿನ ಕವಿ, ನಾವು ಹಾಡಬಾರದಾ' ಅಂತ ಕೇಳಬಹುದು. ಮನೆಯಲ್ಲಿ ಹಾಡಿ. ಚಾನೆಲ್‌ಗೆ ಹಾಕಿದರೆ ಕ್ಲೇಮ್ ಬಂತು ಅಂತ ಜಗಳಕ್ಕೆ ಹೋಗಬೇಡಿ. ದಾಸರ ಪದಗಳಲ್ಲೂ ಈಗ ನಾವು ಕೇಳುವ ಧಾಟಿ ಎಷ್ಟೋ ಸಲ ಹೋದ ಶತಮಾನದವರು ಹಾಕಿದ್ದು. ಡಿಸ್ಪ್ಯೂಟ್ ಮಾಡುವ, ಅಂದರೆ ಕ್ಲೇಮ್ ತಪ್ಪು ಅಂತ ತಕರಾರು ಹಾಕುವ ಮುಂಚೆ ಅದನ್ನು ನೋಡಿಕೊಳ್ಳಿ.

ಈಗ ನಿಜವಾಗಿಯೂ ನೀವು ಸರಿ ಇರುವ ಸಂದರ್ಭ. ಬಸವನಗುಡಿಯಲ್ಲಿ ಒಬ್ಬ ಸಂಗೀತ ಟೀಚರ್. ಮಕ್ಕಳ ಕೈಲಿ ಪಿಳ್ಳಾರಿ ಗೀತೆ ಹಾಡಿಸಿ ಯೂಟ್ಯೂಬ್‌ಗೆ ಹಾಕಿದ್ದಾರೆ. ಅದೇ ಮಲಹರಿ ರಾಗ, ಎಲ್ಲರ ಮನೆಯಲ್ಲೂ ಮಕ್ಕಳು ಮೊದಲು ಕಲಿಯೋದು. ಯಾವುದೋ ಲೇಬಲ್‌ನ ಹಳೆ ಪಾಠದ ರೆಕಾರ್ಡಿಂಗ್‌ಗೆ ಹೋಲುತ್ತದೆ ಅಂತ ಕ್ಲೇಮ್ ಬಂತು. ಕಂಟೆಂಟ್ ಐಡಿ ಧಾಟಿಯ ಹೋಲಿಕೆಯನ್ನೂ ಹಿಡಿಯುತ್ತದೆ. ಒಂದೇ ಸ್ವರಗಳನ್ನು ನೂರಾರು ವರ್ಷದಿಂದ ಒಂದೇ ಥರ ಹಾಡುವ ನಮ್ಮ ಪದ್ಧತಿ ಅದಕ್ಕೆ ಗೊತ್ತಿಲ್ಲ.

ಸ್ಟುಡಿಯೋದಲ್ಲಿ ಆ ಕ್ಲೇಮ್ ತೆರೆದರೆ ಯಾವ ನಿಮಿಷದಿಂದ ಯಾವ ನಿಮಿಷಕ್ಕೆ ಹೋಲಿಕೆ ಅಂತ ತೋರಿಸುತ್ತದೆ, ಕೇಳಿ ನೋಡಿ. ನಂತರ 'ಡಿಸ್ಪ್ಯೂಟ್' ಆರಿಸಿ. ಕಾರಣ ಕೇಳುತ್ತದೆ: ಸ್ವಂತದ್ದು, ಲೈಸೆನ್ಸ್ ಇದೆ, ಫೇರ್ ಯೂಸ್, ಪಬ್ಲಿಕ್ ಡೊಮೇನ್, ಹೀಗೆ. ಇಲ್ಲಿ 'ಫೇರ್ ಯೂಸ್' ಒತ್ತುವ ಚಟ ಬಹಳ ಜನಕ್ಕೆ ಇದೆ. ಕೆಲವು ಬಳಕೆಗೆ ಅನುಮತಿ ಬೇಡ ಅನ್ನೋ ಅಮೆರಿಕದ ಕಾನೂನಿನ ಮಾತು ಅದು, ಈ ಕೇಸಿಗೆ ಹೊಂದೋದೂ ಇಲ್ಲ. ಪಬ್ಲಿಕ್ ಡೊಮೇನ್ (ಯಾರ ಹಕ್ಕೂ ಉಳಿದಿಲ್ಲದ್ದು) ಆರಿಸಿ, ಕೆಳಗೆ ಇಷ್ಟು ಬರೆಯಿರಿ. ಇಂಗ್ಲಿಷ್‌ನಲ್ಲಿ ಬರೆದರೆ ಬೇಗ ಓದುತ್ತಾರೆ, ವಿಷಯ ಮಾತ್ರ ಇದಿರಲಿ:

'ಈ ರೆಕಾರ್ಡಿಂಗ್ ನಮ್ಮ ಪಾಠಶಾಲೆಯಲ್ಲಿ ನಾವೇ ಮಾಡಿದ್ದು. ಹಾಡಿರುವವರು ನಮ್ಮ ವಿದ್ಯಾರ್ಥಿಗಳು, ವಿಡಿಯೋದಲ್ಲಿ ಕಾಣುತ್ತಾರೆ. ಇದು ಪುರಂದರದಾಸರ ಹೆಸರಿನಲ್ಲಿ ಬಂದಿರುವ ಸಾಂಪ್ರದಾಯಿಕ ಗೀತೆ, ಮಲಹರಿ ರಾಗ. ಸಾಹಿತ್ಯ ಮತ್ತು ಧಾಟಿ ಎರಡಕ್ಕೂ ಯಾರ ಹಕ್ಕೂ ಉಳಿದಿಲ್ಲ. ನಿಮ್ಮ ರೆಕಾರ್ಡಿಂಗ್‌ನ ಯಾವ ಭಾಗವನ್ನೂ ಬಳಸಿಲ್ಲ. ಮೂಲ ಫೈಲ್ ನಮ್ಮ ಬಳಿ ಇದೆ.'

ಬೈಗುಳ ಬೇಡ. 'ನಮ್ಮ ಸಂಸ್ಕೃತಿಯನ್ನೇ ಕದಿಯುತ್ತೀರಾ' ಅನ್ನೋ ಭಾಷಣವೂ ಬೇಡ. ಓದುವವರು ಯಾವುದೋ ಆಫೀಸಿನಲ್ಲಿ ದಿನಕ್ಕೆ ರಾಶಿಗಟ್ಟಲೆ ಇಂಥದ್ದನ್ನು ನೋಡುವವರು, ಅವರಿಗೆ ಬಿಡಲು ಒಂದು ನೆಪ ಕೊಡಿ ಸಾಕು.

ಕ್ಲೇಮ್ ಹಾಕಿದವರಿಗೆ ಉತ್ತರಕ್ಕೆ 30 ದಿನ ಇರುತ್ತದೆ. ಸುಮ್ಮನಿದ್ದರೆ ಕ್ಲೇಮ್ ತಾನಾಗಿ ಬಿಡುಗಡೆ ಆಗುತ್ತದೆ. ಚಾನೆಲ್‌ಗೆ ದುಡ್ಡು ಬರುತ್ತಿದ್ದರೆ ಕ್ಲೇಮ್ ಬಂದ 5 ದಿನದೊಳಗೇ ಡಿಸ್ಪ್ಯೂಟ್ ಹಾಕಿ, ಮೊದಲ ದಿನದಿಂದ ಬಂದ ದುಡ್ಡನ್ನು ಯೂಟ್ಯೂಬ್ ಬೇರೆ ಇಟ್ಟು ಗೆದ್ದವರಿಗೆ ಕೊಡುತ್ತದೆ. ತಡವಾದರೆ ಡಿಸ್ಪ್ಯೂಟ್ ಹಾಕಿದ ದಿನದಿಂದ ಮಾತ್ರ. ಅವರು ಒಪ್ಪದಿದ್ದರೆ ಅಪೀಲ್ ಮಾಡಬಹುದು, ಅದಕ್ಕೆ ಅವರಿಗೆ 7 ದಿನ. ಅಪೀಲ್ ಒತ್ತುವ ಮುಂಚೆ ಒಂದು ರಾತ್ರಿ ಯೋಚನೆ ಮಾಡಿ. ಅದನ್ನೂ ತಿರಸ್ಕರಿಸಿ ಅವರು ತೆಗೆಯುವ ನೋಟಿಸ್ ಕಳಿಸಿದರೆ ಸ್ಟ್ರೈಕ್ ಬೀಳುತ್ತದೆ. ಆಮೇಲೆ ಉಳಿಯೋದು ಕೌಂಟರ್ ನೋಟಿಫಿಕೇಷನ್, ಅಂದರೆ ತೆಗೆದಿದ್ದು ತಪ್ಪು ಅಂತ ನೀವು ಕೊಡುವ ಉತ್ತರ. ಅದು ಕಾನೂನು ದಾಖಲೆ, ನಿಮ್ಮ ನಿಜವಾದ ಹೆಸರು, ವಿಳಾಸ ಎದುರಿನವರಿಗೆ ಹೋಗುತ್ತದೆ. 10 ಕೆಲಸದ ದಿನದೊಳಗೆ ಅವರು ಕೋರ್ಟಿಗೆ ಹೋಗಿದ್ದಕ್ಕೆ ಪುರಾವೆ ಕೊಡದಿದ್ದರೆ ವಿಡಿಯೋ ವಾಪಸ್ ಬರುತ್ತದೆ. ಪಿಳ್ಳಾರಿ ಗೀತೆಗೆ ಅಲ್ಲಿವರೆಗೆ ಯಾರೂ ಬರೋದಿಲ್ಲ ಅನ್ನೋದು ನನ್ನ ಅಂದಾಜು. ಸಿನಿಮಾ ಹಾಡಿನ ಕವರ್‌ಗೆ ಮಾತ್ರ ಈ ದಾರಿ ಹಿಡಿಯಬೇಡಿ, ಅಲ್ಲಿ ಹಾಡಿದ್ದು ನೀವಾದರೂ ಹಾಡು ಬೇರೆಯವರದ್ದು.

ವಕೀಲರ ಪತ್ರವೇ ಬಂದರೆ

ಪತ್ರ ಕಳಿಸಿದವರು ನಿಜಕ್ಕೂ ಆ ಹಾಡಿನ ಹಕ್ಕುದಾರರಾ? ಮೊದಲು ಅದನ್ನು ನೋಡಿ. ಹಾಡಿನ ಅಧಿಕೃತ ಯೂಟ್ಯೂಬ್ ಪೇಜಿನ ವಿವರದಲ್ಲಿ ಲೇಬಲ್ ಹೆಸರು ಇರುತ್ತದೆ, ಹೊಂದುತ್ತದಾ ನೋಡಿ. ವಾಟ್ಸಾಪ್‌ನಲ್ಲಿ ಬಂದು 'ಇವತ್ತೇ ಯುಪಿಐ ಮಾಡಿ, ಕೇಸ್ ಕ್ಲೋಸ್' ಅನ್ನುವವರಿಗೆ ಒಂದು ರೂಪಾಯಿ ಹಾಕಬೇಡಿ. ನಿಜವಾದ ಪತ್ರ ಆದರೆ ಸುಮ್ಮನಿರಬೇಡಿ. ವಿಡಿಯೋದ ಸ್ಕ್ರೀನ್‌ಶಾಟ್, ಹಾಕಿದ ದಿನ, ವ್ಯೂಸ್, ಎಲ್ಲ ತೆಗೆದಿಟ್ಟುಕೊಂಡು ಅದನ್ನು ಪ್ರೈವೇಟ್ ಮಾಡಿ. ಉತ್ತರ ವಕೀಲರ ಕೈಲೇ ಬರೆಸಿ, ಏಕೆಂದರೆ ಕಾಪಿರೈಟ್ ಉಲ್ಲಂಘನೆಗೆ ನಮ್ಮಲ್ಲಿ ಜೈಲು ಶಿಕ್ಷೆಯೂ ಇದೆ: 63ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಮೂರು ವರ್ಷ, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ರೀಲ್ ಮಾಡಿದ ಅಂಗಡಿಯವರೆಲ್ಲ ಜೈಲಿಗೆ ಹೋಗುತ್ತಾರೆ ಅಂತಲ್ಲ. ಪತ್ರವನ್ನು ಡ್ರಾಯರ್‌ಗೆ ಹಾಕಿ ಮರೆಯಬೇಡಿ ಅಂತ ಅಷ್ಟೇ.

ನಿಮ್ಮ ಕಡೆಗೂ ಕಾನೂನು ಇದೆ. ಆಧಾರವೇ ಇಲ್ಲದೆ ಕಾಪಿರೈಟ್ ಹೆಸರಲ್ಲಿ ಬೆದರಿಸುತ್ತಿದ್ದರೆ 60ನೇ ಸೆಕ್ಷನ್ ಪ್ರಕಾರ ನೀವೇ ಕೋರ್ಟಿಗೆ ಹೋಗಿ ತಡೆ ಕೇಳಬಹುದು. 2013ರ ಕಾಪಿರೈಟ್ ನಿಯಮಗಳ ಪ್ರಕಾರ ದೂರು ಬಂದ 36 ಗಂಟೆಯಲ್ಲಿ ವೇದಿಕೆ ವಿಡಿಯೋ ತಡೆಯಬೇಕು ಅಂತಿದೆ, ಆದರೆ ದೂರು ಕೊಟ್ಟವರು 21 ದಿನದೊಳಗೆ ಕೋರ್ಟ್ ಆದೇಶ ತರದಿದ್ದರೆ ಅದನ್ನು ವಾಪಸ್ ಹಾಕಬಹುದು. ಈ 21 ದಿನದ ವಿಷಯ ನಿಮ್ಮ ಮೇಲ್‌ನಲ್ಲಿ ಬರೆಯಿರಿ. ಬರೆದವರಿಗೆ ವಿಷಯ ಗೊತ್ತಿದೆ ಅಂತ ಎದುರಿನವರಿಗೆ ಕಾಣುತ್ತದೆ.

ಸ್ವಂತ ಮ್ಯೂಸಿಕ್ ಮಾಡಿಸೋದು

ವರ್ಷಪೂರ್ತಿ ವಿಡಿಯೋ ಹಾಕುವವರಿಗೆ ನಾನು ಹೇಳೋದು ಇದನ್ನೇ. ಈ ಊರಲ್ಲಿ ಮನೆಯ ರೂಮನ್ನೇ ಸ್ಟುಡಿಯೋ ಮಾಡಿಕೊಂಡ ಹುಡುಗರಿಗೆ ಬರ ಇಲ್ಲ. ಒಂದು ನಿಮಿಷದ ನಾಲ್ಕೈದು ತುಣುಕು ಮಾಡಿಸಿಕೊಳ್ಳಿ, ಕೊಳಲೋ ತಮಟೆಯೋ ನಿಮ್ಮ ವಿಡಿಯೋಗೆ ಹೊಂದುವಂಥದ್ದು. ಯಾವ ಲೇಬಲ್ ಜಗಳವೂ ಅದನ್ನು ಮುಟ್ಟೋದಿಲ್ಲ.

ಆದರೆ ಒಂದು ಪುಟದ ಅಗ್ರಿಮೆಂಟ್ ಬೇಕೇ ಬೇಕು. ಕಾಯ್ದೆಯ 19ನೇ ಸೆಕ್ಷನ್‌ನಲ್ಲಿ ಒಂದು ಗುಂಡಿ ಇದೆ. ಹಕ್ಕು ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದೇ ವರ್ಷ ಅಂತ ಲೆಕ್ಕ, ಯಾವ ದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಯೂಟ್ಯೂಬ್ ವಿಡಿಯೋ ದುಬೈನಲ್ಲಿರುವ ನಿಮ್ಮ ಚಿಕ್ಕಮ್ಮನೂ ನೋಡುತ್ತಾರೆ. ಹಾಗಾಗಿ ಎಷ್ಟು ವರ್ಷ, ಇಡೀ ಜಗತ್ತಿಗೆ, ಎಲ್ಲ ಆಪ್‌ಗಳಿಗೆ, ಜಾಹೀರಾತಿಗೂ ಸೇರಿ ಅಂತ ಬಿಡಿಸಿ ಬರೆಸಿ, ದುಡ್ಡು ಬ್ಯಾಂಕ್ ಮೂಲಕವೇ ಕೊಡಿ.

ಲೂಪ್, ಅಂದರೆ ಮತ್ತೆ ಮತ್ತೆ ಬರುವಂತೆ ಮಾಡಿಟ್ಟ ಮ್ಯೂಸಿಕ್ ತುಣುಕು, ಬಳಸಿದ್ದಾರಾ ಅಂತ ಆ ಹುಡುಗನನ್ನು ಕೇಳಿ. ರೆಡಿಮೇಡ್ ಲೂಪ್ ಪ್ಯಾಕ್‌ನಿಂದ ತಗೊಂಡಿದ್ದರೆ ಅದೇ ತುಣುಕು ಇನ್ನೂ ನೂರು ಜನರ ಹಾಡಿನಲ್ಲಿ ಇರುತ್ತದೆ. ಅವರಲ್ಲಿ ಒಬ್ಬ ಕಂಟೆಂಟ್ ಐಡಿಗೆ ಕೊಟ್ಟರೆ ಕ್ಲೇಮ್ ನಿಮಗೆ ಬರುತ್ತದೆ. ಇನ್ನು ಆ ಹುಡುಗನೇ ನಾಳೆ ಡಿಸ್ಟ್ರಿಬ್ಯೂಟರ್ (ಹಾಡನ್ನು ಆಪ್‌ಗಳಿಗೆ ತಲುಪಿಸುವ ಕಂಪನಿ) ಮೂಲಕ ಈ ತುಣುಕನ್ನು ಸ್ಪಾಟಿಫೈಗೆ ಹಾಕುವಾಗ ಕಂಟೆಂಟ್ ಐಡಿ ಬಾಕ್ಸ್‌ಗೆ ಟಿಕ್ ಹಾಕಿಬಿಟ್ಟರೆ, ದುಡ್ಡು ಕೊಟ್ಟು ಮಾಡಿಸಿದ ನಿಮ್ಮ ವಿಡಿಯೋಗೇ ಅವನ ಹೆಸರಲ್ಲಿ ಕ್ಲೇಮ್! ಟಿಕ್ ಹಾಕಬಾರದು, ಹಾಕಿದರೆ ನಿಮ್ಮ ಚಾನೆಲ್ ಅನ್ನು ವಿನಾಯಿತಿ ಪಟ್ಟಿಗೆ ಸೇರಿಸಬೇಕು ಅನ್ನೋದನ್ನೂ ಅದೇ ಪುಟದಲ್ಲಿ ಒಂದು ಸಾಲು ಹಾಕಿಸಿ. ವಿಡಿಯೋ ಸಾರ್ವಜನಿಕ ಮಾಡುವ ಹಿಂದಿನ ದಿನ ಅನ್‌ಲಿಸ್ಟೆಡ್ (ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ) ಆಗಿ ಅಪ್‌ಲೋಡ್ ಮಾಡಿಟ್ಟರೆ, ಕ್ಲೇಮ್ ಬರೋದಿದ್ದರೆ ಸಾಮಾನ್ಯವಾಗಿ ಬೆಳಿಗ್ಗೆಯೊಳಗೆ ಗೊತ್ತಾಗುತ್ತದೆ.